ಅಣ್ಣ ಕೊಟ್ಟ ಒಂಬತ್ತು ಅಕ್ಷರ

ಕಲ್ಯಾಣದುರ್ಗ
8-2-2025, ಶನಿವಾರ

ಅಣ್ಣನಿಗೆ ಬನಶಂಕರಿ ಮಾಡುವ ನಮಸ್ಕಾರ.

ಇವತ್ತು ಏಕಾದಶಿ. ಶನಿವಾರವೂ ಕೂಡಿ ಬಂದಿರುವುದರಿಂದ ಹಾಲು ಹಣ್ಣನ್ನೂ ಮುಟ್ಟಿಲ್ಲ, ತುಳಸಿ ತೀರ್ಥ ಮಾತ್ರ. ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಎಮ್ಮೆ ಕರೆದು, ಸಗಣಿ ಬಾಚಿ, ಉಪವಾಸವಿಲ್ಲದ ಇಬ್ಬರಿಗೆ ಉಪ್ಪಿಟ್ಟು ಕೆದಕಿಟ್ಟೆ. ನಮ್ಮ ಮನೆಯವರು ತಿಂದು ಮೋಟಾರ್ ರಿಪೇರಿ ಅಂಗಡಿಗೆ ಹೋದರು. ನಮ್ಮ ಚಿಕ್ಕವಳು ಭಾರ್ಗವಿಗೆ ಎರಡನೇ ಶನಿವಾರದ ರಜೆ, ತಲೆಗೆ ಎಣ್ಣೆ ಬಳಿದುಕೊಂಡು ಬಿಸಿಲಿಗೆ ಕೂತಿದ್ದಾಳೆ. ಪಾತ್ರೆ ಬೆಳಗಿ ಆದಮೇಲೆ ನಾನು ದೇವರ ಮುಂದೆ ಇಂಗ್ಲಿಷ್ ನಿಘಂಟು ಇಟ್ಟುಕೊಂಡು ಕುಳಿತೆ.

ನೀನು ಕೊಟ್ಟ ಏಳು ಅಕ್ಷರದಲ್ಲಿ, ಎ, ಇ, ಐ, ಎನ್, ಆರ್, ಎಸ್, ಟಿ ಇವುಗಳಲ್ಲಿ, ಹತ್ತು ದಿನ ಹುಡುಕಿ ನಾಲ್ಕೈದು ಪದ ತೆಗೆದಿದ್ದೇನೆ. ಮೊದಲನೆಯದು ರಾಣಿ. ನಗಬೇಡ, ನಿಘಂಟಿನಲ್ಲಿ ದಪ್ಪ ಅಕ್ಷರದಲ್ಲೇ ಅಚ್ಚಾಗಿದೆ. ಅದರ ಹಿಂದೆಯೇ ಸಾರಿ, ಅಂದರೆ ನಮ್ಮ ಸೀರೆ. ನಮ್ಮ ರಾಣಿಯನ್ನೂ ಅವಳು ಉಟ್ಟ ಸೀರೆಯನ್ನೂ ಇಂಗ್ಲಿಷಿನವರು ಎತ್ತಿಕೊಂಡು ಹೋಗಿ ತಮ್ಮ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾರೆ. ಆಮೇಲೆ ಟಿಸೇನ್ ಎಂದು ಒಂದಿದೆ, ಸೊಪ್ಪು ಬೇರು ಕುದಿಸಿದ ಕಷಾಯವಂತೆ. ಅದಕ್ಕೆ ಆರು ಅಕ್ಷರ ಆಯಿತು, ಆರ್ ಒಂದು ಹೊರಗೆ ಉಳಿಯಿತು. ಏಳೂ ಕೂಡುವ ಪದ ಸಿಗಲಿಲ್ಲ. ಆದ್ದರಿಂದ ನಾನು ಗೆದ್ದಿಲ್ಲ.

ನೀನು ಪ್ರೆಸ್ಸಿನಿಂದ ತರುತ್ತಿದ್ದ ಸವೆದ ಅಚ್ಚುಮೊಳೆ ನೋಡಿ ಇಂಗ್ಲಿಷ್ ಅಕ್ಷರ ಕಲಿತವಳು ನಾನು. ಮೊಳೆಯಲ್ಲಿ ಅಕ್ಷರ ತಿರುವುಮುರುವಾಗಿ ಇರುತ್ತದೆ ಎಂದು ನೀನು ಹೇಳುವುದನ್ನೇ ಮರೆತೆ. ಊರ ಶಾಲೆಯಲ್ಲಿ ಮೇಷ್ಟ್ರು ಬೋರ್ಡಿನ ಹತ್ತಿರ ಕರೆದಾಗ ಎನ್ ಅನ್ನು ಉಲ್ಟಾ ಬರೆದು ಏಟು ತಿಂದೆ. ಈಗ ಐವತ್ತಾಯಿತು, ಕೈ ಇನ್ನೂ ಹಾಗೆಯೇ ಹೋಗುತ್ತದೆ.

ಎರಡು ವರ್ಷದ ಹಿಂದೆ ನಿನ್ನ ಲಕೋಟೆ ಬಂದಾಗ ಒಳಗೆ ಏಳು ಅಕ್ಷರ ಬಿಟ್ಟರೆ ಕ್ಷೇಮ ಅನ್ನುವ ಒಂದು ಮಾತೂ ಇರಲಿಲ್ಲ. ಆದರೂ ನಾನು ಕುಳಿತು ಹುಡುಕಿದೆ. ಚಿಕ್ಕಂದಿನ ಆಟದ ಕಟ್ಟಳೆಯೇ ಈಗಲೂ ನಡೆಯುತ್ತಿದೆ. ಎಲ್ಲ ಅಕ್ಷರವನ್ನೂ ಒಂದೇ ಪದದಲ್ಲಿ ಕೂರಿಸಿದವರು ಒಂದು ಕೇಳಬಹುದು, ಇನ್ನೊಬ್ಬರು ಇಲ್ಲ ಅನ್ನಬಾರದು. ಹೋದ ವರ್ಷ ಒಂದು ಸಲ ಗೆದ್ದು ನಿನ್ನನ್ನು ಕಿವಿ ಡಾಕ್ಟರ ಹತ್ತಿರ ಕಳಿಸಿದೆ. ಕಿವಿ ಬರಲಿಲ್ಲ, ಆದರೆ ನೀನು ಹೋಗಿ ಬಂದೆ. ಅಷ್ಟು ನಂಬಿಕೆ ಈ ಆಟದ ಮೇಲೆ ನನಗಿದೆ.

ಸುದ್ದಿ ಒಂದಿದೆ. ಭಾರ್ಗವಿಗೆ ಗಂಡು ಗೊತ್ತಾಯಿತು. ಮುರಳಿಕೃಷ್ಣ ಎಂದು, ಪೆನುಕೊಂಡದ ಹತ್ತಿರ ಕಾರ್ ಫ್ಯಾಕ್ಟರಿಯಲ್ಲಿ ಕೆಲಸ. ಏಪ್ರಿಲ್ ಮೂವತ್ತು, ಅಕ್ಷಯ ತದಿಗೆಯ ದಿನ ಮುಹೂರ್ತ. ಯುಗಾದಿಯೊಳಗೆ ಲಗ್ನಪತ್ರಿಕೆ ಅಚ್ಚಿಗೆ ಕೊಡಬೇಕು. ಏಳು ವರ್ಷದ ಹಿಂದೆ ನಮ್ಮ ದೊಡ್ಡವಳು ಅಮೃತಾಳ ಮದುವೆಗೆ ನೀನು ಬರಲಿಲ್ಲ. ಅದನ್ನು ಈಗ ತೆಗೆಯುವುದಿಲ್ಲ.

ಈ ಸಲ ಅಕ್ಷರ ಕೊಡುವ ಸರದಿ ನನ್ನದು. ಅದನ್ನು ನಿನಗೇ ಬಿಟ್ಟುಕೊಡುತ್ತೇನೆ. ನನಗೆ ಗೆಲ್ಲಬೇಕಾಗಿದೆ. ಗೆದ್ದರೆ ಕೇಳುವುದೊಂದಿದೆ.

ನಿನ್ನ ತಂಗಿ
ಬನಶಂಕರಿ


ಹಿಂದೂಪುರ
17-2-2025

ಬನಶಂಕರಿಗೆ ಆಶೀರ್ವಾದ.

ಏಳೂ ಕೂಡುವ ಪದ ಸ್ಟಿಯರಿನ್. ಕೊಬ್ಬಿನಿಂದ ತೆಗೆದ ಮೇಣದಂಥ ವಸ್ತು, ಮೊಂಬತ್ತಿಗೆ ಹಾಕುತ್ತಾರೆ. ನಿನ್ನ ನಿಘಂಟಿನಲ್ಲೂ ಇದೆ, ನನ್ನದರಲ್ಲೂ ಇದೆ, ಎರಡನ್ನೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡದ್ದು. ಎಸ್ ಅಕ್ಷರವನ್ನು ನೀನು ಅವಸರದಲ್ಲಿ ದಾಟಿದ್ದೀಯೆ.

ರಾಣಿ ಮತ್ತು ಸೀರೆ ಚೆನ್ನಾಗಿವೆ. ನಿನ್ನ ಕಾಗದ ಓದುವಾಗ ನಗು ಬಂತು. ಪ್ರೆಸ್ ಮಾಲೀಕ ಚೆನ್ನಕೇಶವ ಎದುರಿಗೇ ಇದ್ದ. ಅವನು ನನ್ನ ಜೊತೆ ಮಾತನಾಡುವುದು ಚೀಟಿಯಲ್ಲಿ. "ಏಂ ಓಬುಳಪತೀ, ಅರವತ್ತೊಂದಕ್ಕೆ ಲವ್ ಲೆಟ್ರಾ?" ಎಂದು ಬರೆದು ತೋರಿಸಿದ. ತಂಗಿಯದು ಎಂದೆ. "ಅಂಗಾದ್ರೆ ಊಟದ ಹೊತ್ಗೆ ಓದ್ಕಳಪ್ಪ, ಈಗ ಬಿಲ್ ಬುಕ್ಕಿಗೆ ನಂಬರ್ ಹೊಡಿ" ಎಂದು ಅದೇ ಚೀಟಿಯ ಹಿಂದೆ ಬರೆದ. ಈಗ ಇಲ್ಲಿ ಮೊಳೆ ಜೋಡಿಸುವ ಕೆಲಸ ಇಲ್ಲ, ಎಲ್ಲ ಕಂಪ್ಯೂಟರ್. ನಂಬರ್ ಹೊಡೆಯುವುದು, ಎಣಿಸುವುದು, ಪ್ರೂಫ್ ನೋಡುವುದು ನನ್ನ ಪಾಲಿಗಿದೆ. ಹಳೆಯ ಮೊಳೆಯನ್ನೆಲ್ಲ ಸೀಸದ ತೂಕಕ್ಕೆ ಹಾಕಿದಾಗ ಒಂದು ಡಬ್ಬಿ ಇಂಗ್ಲಿಷ್ ಅಕ್ಷರ ಉಳಿಸಿಕೊಂಡಿದ್ದೆ. ಅವನ್ನೇ ಇಂಕ್ ಪ್ಯಾಡಿಗೆ ಒತ್ತಿ ನಿನಗೆ ಕಳಿಸುವುದು.

ಈ ಸಲ ಏಳಲ್ಲ, ಒಂಬತ್ತು. ಎ ಎರಡು, ಯು ಎರಡು, ವಿ, ಎನ್, ಸಿ, ಎಲ್, ಆರ್. ಯು ಮೊಳೆ ಒಂದೇ ಇತ್ತು, ಎರಡು ಸಲ ಒತ್ತಿದ್ದೇನೆ. ಒಂಬತ್ತೂ ಒಂದೇ ಪದದಲ್ಲಿ ಕೂರುತ್ತವೆ. ಅಪರೂಪದ ಪದ, ಆದರೆ ನಿಘಂಟಿನಲ್ಲಿ ಇದೆ.

ಹುಡುಕು.

ಓಬುಳಪತಿ


ಕಲ್ಯಾಣದುರ್ಗ
27-2-2025, ಗುರುವಾರ

ಅಣ್ಣನಿಗೆ ನಮಸ್ಕಾರ.

ನಿನ್ನೆ ಶಿವರಾತ್ರಿ ಆಯಿತು. ಇವತ್ತು ಬೆಳಿಗ್ಗೆ ಸ್ನಾನ ಮಾಡಿ, ಬಿಲ್ವಪತ್ರೆ ಏರಿಸಿ, ಉಪವಾಸ ಬಿಟ್ಟು ಈ ಕಾಗದಕ್ಕೆ ಕುಳಿತಿದ್ದೇನೆ.

ಹೋದ ಕಾಗದದಲ್ಲಿ ಭಾರ್ಗವಿಯ ಸುದ್ದಿ ಬರೆದಿದ್ದೆ. ಕಾಗದದ ಆ ಪುಟ ನಿನಗೆ ಸಿಕ್ಕಿತೋ ಇಲ್ಲವೋ. ರಾಣಿಗೂ ಸೀರೆಗೂ ಉತ್ತರ ಬರೆದಿದ್ದೀಯೆ, ಚೆನ್ನಕೇಶವನ ಚೀಟಿಯನ್ನೂ ಬರೆದಿದ್ದೀಯೆ. ಮದುವೆಗೆ ಒಂದು ಸಾಲಿಲ್ಲ.

ಒಂಬತ್ತು ಅಕ್ಷರದ ವಿಷಯ. ಅಪರೂಪದ ಪದ ಎಂದೆಯಲ್ಲ, ಅದಕ್ಕೇ ಅಪರೂಪದ ಅಕ್ಷರದಿಂದಲೇ ಹೊರಟೆ. ಮೊದಲು ವಿ ಪುಟಗಳೆಲ್ಲ ನೋಡಿದೆ. ಏನೂ ಇಲ್ಲ. ಆಮೇಲೆ ಯು. ಅಲ್ಲಿ ಯೂವ್ಯುಲಾ ಸಿಕ್ಕಿತು, ಗಂಟಲ ಬಾಗಿಲಲ್ಲಿ ಜೋತಾಡುವ ಕಿರುನಾಲಿಗೆ. ಎರಡು ಯು ಖರ್ಚಾದದ್ದು ನೋಡಿ ಕುಣಿದುಬಿಟ್ಟೆ. ನಮ್ಮ ಮನೆಯವರಿಗೆ ಹೇಳಿದರೆ ಅವರು ಕನ್ನಡಿ ಮುಂದೆ ಬಾಯಿ ಕಳೆದು ನಿಂತರು.

"ಐವತ್ತೆಂಟು ವರ್ಷದಿಂದ ಇಲ್ಲೇ ಐತೆ, ಇಂಗ್ಲಿಷ್ನಾಗೆ ಹೆಸ್ರು ಐತೆ ಅಂತ ಇವತ್ತು ಗೊತ್ತಾಯ್ತು ನೋಡು" ಅಂದರು.

"ಅಪ್ಪಾ, ಬಾಯಿ ಮುಚ್ಕಳಪ್ಪ, ನೊಣ ಹೋಗ್ಬುಡ್ತದೆ" ಅಂದಳು ಭಾರ್ಗವಿ.

ಆದರೆ ಅದು ಐದೇ ಅಕ್ಷರ. ಭಾರ್ಗವಿ ನನ್ನ ಅವಸ್ಥೆ ನೋಡಲಾರದೆ ಫೋನ್ ತಂದಳು.

"ಅಮ್ಮ, ಒಂಬತ್ತೂ ಇದರಾಗೆ ಹಾಕಿದ್ರೆ ಒಂದ್ ಸೆಕೆಂಡ್ನಾಗೆ ಪದ ಕೊಡ್ತದೆ. ಹಾಕ್ಲಾ?"

"ಬ್ಯಾಡ ಕಣಮ್ಮ."

"ಯಾಕ್ ಬ್ಯಾಡ? ಮಾವನಿಗೇನ್ ಗೊತ್ತಾಯ್ತದೆ?"

"ಅವನಿಗೆ ಗೊತ್ತಾಗಲ್ಲ. ದೇವ್ರ ಮುಂದೆ ಕುಂತು ಹುಡುಕ್ತಾ ಇರೋದು ನಾನು."

ಅವಳು ಫೋನ್ ತಿರುಗಿಸಿಕೊಂಡು ಹೊರಗೆ ಹೋದಳು. ಫೋನಿನಲ್ಲಿ ಗೆದ್ದು ನಿನ್ನ ಹತ್ತಿರ ಏನಾದರೂ ಕೇಳಿದರೆ ಅದು ನನಗೆ ದಕ್ಕುವುದಿಲ್ಲ.

ಒಂದು ಮಾತು ನೇರವಾಗಿ ಕೇಳುತ್ತೇನೆ. ಒಂಬತ್ತು ಅಕ್ಷರ ಈ ಎರಡು ವರ್ಷದಲ್ಲಿ ಒಮ್ಮೆಯೂ ಕೊಟ್ಟವನಲ್ಲ ನೀನು. ಗೆದ್ದರೆ ಕೇಳುವುದಿದೆ ಎಂದು ನಾನು ಬರೆದ ಮೇಲೆ ಕೊಟ್ಟಿದ್ದೀಯೆ. ನಾನು ಗೆಲ್ಲಬಾರದು ಎಂದೇ ಕೊಟ್ಟೆಯಾ?

ಬನಶಂಕರಿ


ಹಿಂದೂಪುರ
6-3-2025
(ಕಾರ್ಡು)

ಬನಶಂಕರಿಗೆ. ಸಿಗದ ಪದಕ್ಕೆ ನಾನು ಅಕ್ಷರ ಕೊಡುವವನಲ್ಲ. ಯೂವ್ಯುಲಾ ನನಗೂ ಹೊಳೆದಿರಲಿಲ್ಲ, ಭೇಷ್. ಭಾರ್ಗವಿಗೆ ನನ್ನ ಆಶೀರ್ವಾದ ತಿಳಿಸು. ಇಲ್ಲಿ ಹುಣಸೆ ಮಂಡಿಗೆ ಲಾರಿಗಳು ಬರಲು ಶುರುವಾಗಿವೆ, ಬೀದಿಯೆಲ್ಲ ಹುಳಿ ವಾಸನೆ. ಹುಡುಕುವುದನ್ನು ನಿಲ್ಲಿಸಬೇಡ. ಲಗ್ನಪತ್ರಿಕೆ ಅಚ್ಚಿಗೆ ಹೋಗುವುದರೊಳಗೆ ಸಿಗಬೇಕು.
ಓಬುಳಪತಿ


ಕಲ್ಯಾಣದುರ್ಗ
12-3-2025, ಬುಧವಾರ

ಅಣ್ಣನಿಗೆ.

ನಿನ್ನ ಕಾರ್ಡು ಬಂತು. ಆಶೀರ್ವಾದ ಬಂತು. ಕಾರ್ಡಿನಲ್ಲಿ ಆಶೀರ್ವಾದ ಕಳಿಸುವವರು ಬರುವುದಿಲ್ಲ ಎಂದೇ ಅರ್ಥ. ನಮ್ಮ ಮನೆಯವರೂ ಹಾಗೆಯೇ ಹೇಳಿದರು.

ಎಲ್ ಪುಟಗಳು ಮುಗಿದವು. ಲಾರ್ವಾ ಸಿಕ್ಕಿತು, ಹುಳುವಿನ ಮರಿ. ಅದಕ್ಕೂ ಮೊದಲೇ ಇನ್ನೊಂದು ಸಿಕ್ಕಿತ್ತು, ಲಕೂನಾ. ಎಲ್, ಎ, ಸಿ, ಯು, ಎನ್, ಎ. ಅರ್ಥ ಏನೆಂದು ಕೊಟ್ಟಿದ್ದಾರೆ ಗೊತ್ತಾ? ಬರೆದದ್ದರಲ್ಲಿ ಬಿಟ್ಟುಹೋದ ಭಾಗ, ಖಾಲಿ ಜಾಗ. ಅದನ್ನು ಓದಿದ ಮೇಲೆ ಎರಡು ದಿನ ನಿಘಂಟು ಮುಟ್ಟಲಿಲ್ಲ. ಮನಸ್ಸಿಗೆ ಬಂದದ್ದನ್ನು ಒಳಗೇ ಇಟ್ಟುಕೊಂಡು ವ್ರತ ಮಾಡಿದರೆ ಫಲವೇನು? ಅದಕ್ಕೇ ಬರೆಯುತ್ತಿದ್ದೇನೆ.

ಅಮೃತಾಳ ಲಗ್ನಪತ್ರಿಕೆ ನೀನೇ ನಿನ್ನ ಕೈಯಾರೆ ಮೊಳೆ ಜೋಡಿಸಿ ಅಚ್ಚು ಹಾಕಿದೆ. ಕೊನೆಯಲ್ಲಿ ಬಂಧುಗಳ ಹೆಸರು ಬರುವ ಕಡೆ ಹುಡುಗಿಯ ದೊಡ್ಡಪ್ಪ ಇದ್ದಾರೆ, ಚಿಕ್ಕಪ್ಪಂದಿರು ಇದ್ದಾರೆ, ಕಂಬದೂರಿನ ಷಡ್ಡಕ ಕೂಡ ಇದ್ದಾರೆ. ಸೋದರಮಾವ ಇಲ್ಲ. ಹಸೆಮಣೆಗೆ ಹುಡುಗಿಯನ್ನು ಕೈಹಿಡಿದು ತರಬೇಕಾದವನ ಹೆಸರೇ ಇಲ್ಲ.

ಕಾರ್ಡಿನ ಕಟ್ಟು ಬಿಚ್ಚಿದ ದಿನ ನಾನು ಅರಿಶಿನ ಕುಟ್ಟುತ್ತಿದ್ದೆ. ಓದಿ ಒನಕೆ ಕೆಳಗಿಟ್ಟೆ. ಅಣ್ಣನಿಗೆ ಈ ಸಂಬಂಧ ಬೇಡವಾಗಿದೆ, ತನ್ನ ಹೆಸರನ್ನು ತಾನೇ ತೆಗೆದುಬಿಟ್ಟ ಎಂದುಕೊಂಡೆ. ಅತ್ತಿಗೆ ತೀರಿಕೊಂಡ ಮೇಲೆ ನೀನು ಯಾರ ಮನೆಗೂ ಹೋಗುತ್ತಿರಲಿಲ್ಲ. ಶುಭಕಾರ್ಯಕ್ಕೆ ನಿಲ್ಲಲು ಮನಸ್ಸಿಲ್ಲದೆ ಹೀಗೆ ಮಾಡಿದ ಎಂದು ನನಗೆ ನಾನೇ ಹೇಳಿಕೊಂಡೆ. ನಾನು ಕುಂಕುಮ ಹಿಡಿದು ಕರೆಯಲು ಬರಬೇಕಾಗಿತ್ತು. ಹೆಸರೇ ಬೇಡ ಎಂದವನ ಬಾಗಿಲಿಗೆ ಹೇಗೆ ಬರಲಿ? ಬರಲಿಲ್ಲ. ಮಂಟಪದಲ್ಲಿ ನಮ್ಮ ಮನೆಯವರ ಕಡೆಯ ಯಾರನ್ನೋ ನಿಲ್ಲಿಸಿ ಹುಡುಗಿಯನ್ನು ಕರೆತರಿಸಿದೆವು. ಅಮೃತಾ ತಿರುಗಿ ತಿರುಗಿ ಬಾಗಿಲು ನೋಡಿದಳು.

ಏಳು ವರ್ಷ ಇದನ್ನು ಕೇಳಲಿಲ್ಲ. ಈಗ ಕೇಳುತ್ತೇನೆ. ನಾವು ಕೊಟ್ಟ ಹೆಸರಿನ ಪಟ್ಟಿಯಲ್ಲಿ ನಿನ್ನ ಹೆಸರು ಬರೆಸಿರಲಿಲ್ಲ, ಅದು ನಿಜ. ನಿನ್ನ ಪ್ರೆಸ್ಸು, ನಿನ್ನ ಕೈ, ನಿನ್ನ ಸೋದರಸೊಸೆಯ ಕಾರ್ಡು. ನಿನ್ನ ಹೆಸರನ್ನು ನಿನಗೇ ಬರೆದು ಕೊಡುವುದೇ, ಎಲ್ಲಿ ಹೇಗೆ ಬೇಕೋ ಹಾಗೆ ನೀನೇ ಹಾಕಿಕೊಳ್ಳುತ್ತೀಯೆ ಎಂದು ಬಿಟ್ಟೆ. ನೀನು ಯಾಕೆ ಹಾಕಿಕೊಳ್ಳಲಿಲ್ಲ?

ಒಂಬತ್ತು ಅಕ್ಷರ ನನ್ನ ಕೈಲಿ ಆಗುವುದಿಲ್ಲ ಅನ್ನಿಸುತ್ತಿದೆ. ಇನ್ನು ಎನ್, ಆರ್, ಸಿ ಉಳಿದಿವೆ. ಎ ಬಗ್ಗೆ ಯೋಚನೆಯೇ ಮಾಡಿಲ್ಲ, ಮೊಟ್ಟಮೊದಲು ಕಲಿತ ಅಕ್ಷರದಲ್ಲಿ ಅಪರೂಪದ್ದು ಏನಿರುತ್ತದೆ?

ಬನಶಂಕರಿ


ಹಿಂದೂಪುರ
19-3-2025

ಬನಶಂಕರಿಗೆ.

ನಿನ್ನ ಕಾಗದ ಮೂರು ಸಲ ಓದಿದೆ. ಚೆನ್ನಕೇಶವ ಚೀಟಿ ಬರೆಯಲು ಬಂದವನು ನನ್ನ ಮುಖ ನೋಡಿ ಪೆನ್ನು ಜೇಬಿಗೆ ಇಟ್ಟುಕೊಂಡು ಹೋದ.

ನಾನು ಹದಿನಾರನೇ ವಯಸ್ಸಿಗೆ ಈ ಕೆಲಸಕ್ಕೆ ಸೇರಿದಾಗ ಹಿರಿಯ ಕಂಪಾಸಿಟರ್ ಹೇಳಿಕೊಟ್ಟ ಮೊದಲ ಪಾಠ ಒಂದೇ. ಕಾಪಿಯಲ್ಲಿ, ಅಂದರೆ ಗಿರಾಕಿ ಬರೆದು ತಂದ ಹಾಳೆಯಲ್ಲಿ, ಇರುವುದನ್ನು ಬಿಡಬಾರದು, ಇಲ್ಲದ್ದನ್ನು ಸೇರಿಸಬಾರದು. ತಪ್ಪು ಕಂಡರೂ ತಿದ್ದಬಾರದು, ಪ್ರೂಫಿನಲ್ಲಿ ಗುರುತು ಮಾಡಿ ಅವರನ್ನು ಕೇಳಬೇಕು. ಒಮ್ಮೆ ಸತ್ತರು ಎಂದು ನಾನು ತಿಳಿದವರ ಹೆಸರಿನ ಮುಂದೆ ಶ್ರೀ ಇದ್ದದ್ದನ್ನು ನಾನೇ ಕೈಲಾಸವಾಸಿ ಎಂದು ತಿದ್ದಿ ಬೈಸಿಕೊಂಡಿದ್ದೆ. ಸತ್ತದ್ದು ಅವರ ಅಣ್ಣ. ಆಮೇಲೆ ನಲವತ್ತು ವರ್ಷ ಒಂದು ಕೊಂಬು, ಒಂದು ದೀರ್ಘ ನಾನಾಗಿ ಸೇರಿಸಿದವನಲ್ಲ.

ನಿನ್ನ ಯಜಮಾನ ನಾರಪ್ಪ ಆ ದಿನ ಪಟ್ಟಿ ತಂದುಕೊಟ್ಟ. ಓದಿದೆ. ದೊಡ್ಡಪ್ಪ, ಚಿಕ್ಕಪ್ಪ, ಷಡ್ಡಕ. ನನ್ನ ಹೆಸರಿಲ್ಲ. ಏನಪ್ಪ ಇದು ಎಂದು ಕೇಳಬಹುದಿತ್ತು. ನನ್ನ ಹೆಸರು ಯಾಕಿಲ್ಲ ಎಂದು ಬಾಯಿಬಿಟ್ಟು ಕೇಳಲು ನಾಲಿಗೆ ಬರಲಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರೂ ಕೂತು ಯೋಚಿಸಿ ಬಿಟ್ಟಿದ್ದೀರಿ ಎಂದುಕೊಂಡೆ. ಹೆಂಡತಿ ಇಲ್ಲದವನು ಮಂಟಪದಲ್ಲಿ ನಿಲ್ಲುವುದು ಬೇಡ ಎಂದು ಯಾರೋ ಹಿರಿಯರು ಅಂದಿರಬೇಕು, ಅದಕ್ಕೆ ನೀನು ತಲೆಬಾಗಿಸಿದ್ದೀಯೆ ಎಂದುಕೊಂಡೆ.

ನಾನಾಗಿ ಸೇರಿಸಲಿಲ್ಲ. ಆದರೆ ಒಂದು ಕೆಲಸ ಮಾಡಿದೆ. ದೊಡ್ಡಪ್ಪನ ಹೆಸರಿನ ಮೇಲೆ ಒಂದು ಸಾಲಿನಷ್ಟು ಖಾಲಿ ಸೀಸದ ಪಟ್ಟಿ ಹಾಕಿ ಜಾಗ ಬಿಟ್ಟೆ. ಪ್ರೂಫ್ ನೋಡಿದಾಗ ಈ ಜಾಗ ಯಾಕೆ ಎಂದು ನೀನು ಕೇಳುತ್ತೀಯೆ, ಆಗ ನಿನಗೇ ನೆನಪಾಗುತ್ತದೆ ಎಂದು. ಆಗಿನ್ನೂ ನನಗೆ ಕಿವಿ ಕೇಳಿಸುತ್ತಿತ್ತು, ಮರುದಿನ ನಾರಪ್ಪ ಪ್ರೂಫ್ ವಾಪಸ್ ತಂದು "ಎಲ್ಲ ಸರಿ ಐತೆ ಭಾವ, ಹೊಡೀರಿ" ಅಂದ. ನೀನೇ ನೋಡಿ ಸರಿ ಅಂದಿದ್ದೀಯೆ ಎಂದು ಅಚ್ಚು ಹಾಕಿದೆ. ಸಾವಿರ ಕಾರ್ಡು. ಒಂದೊಂದರಲ್ಲೂ ಆ ಖಾಲಿ ಸಾಲು.

ಕರೆಯದೆ ಬರಲಿಲ್ಲ. ಮುಹೂರ್ತದ ಹೊತ್ತಿಗೆ ಪ್ರೆಸ್ಸಿನಲ್ಲೇ ಇದ್ದೆ.

ಕಾರ್ಡಿನಲ್ಲಿ ಆಶೀರ್ವಾದ ಬರೆದದ್ದಕ್ಕೆ ಬರುವುದಿಲ್ಲ ಎಂದು ಅರ್ಥ ಮಾಡಬೇಡ. ಬರುತ್ತೇನೆ ಎಂದು ನಾನಾಗಿ ಬರೆಯಲು ಆಗುವುದಿಲ್ಲ. ಅದನ್ನು ನೀನು ಕಾಪಿಯಲ್ಲಿ ಕೊಡಬೇಕು.

ಎ ಅಕ್ಷರವನ್ನು ಕಡೆಗಣಿಸಬೇಡ. ಇಷ್ಟು ಹೇಳಿದ್ದೇ ಹೆಚ್ಚಾಯಿತು.

ಓಬುಳಪತಿ


ಕಲ್ಯಾಣದುರ್ಗ
23-3-2025, ಭಾನುವಾರ

ಅಣ್ಣನಿಗೆ ನಿನ್ನ ತಂಗಿ ಬನಶಂಕರಿಯ ಸಾಷ್ಟಾಂಗ ನಮಸ್ಕಾರ.

ಮೊದಲು ಕಾರ್ಡಿನ ಮಾತು. ನಿನ್ನ ಕಾಗದ ನಿನ್ನೆ ಕೈಗೆ ಬಂತು. ಓದಿದವಳೇ ಟ್ರಂಕಿನ ತಳದಿಂದ ಅಮೃತಾಳ ಲಗ್ನಪತ್ರಿಕೆ ತೆಗೆದೆ. ಖಾಲಿ ಸಾಲು ಇದೆ. ಏಳು ವರ್ಷದಿಂದ ಅದನ್ನು ಎಷ್ಟು ಸಲ ನೋಡಿದ್ದೇನೋ, ಅಂದಕ್ಕೆ ಬಿಟ್ಟಿದ್ದಾನೆ ಎಂದುಕೊಂಡಿದ್ದೆ. ಪ್ರೂಫ್ ನನ್ನ ಕೈಗೆ ಬಂದೇ ಇರಲಿಲ್ಲ, ಅಣ್ಣ. ಅದು ಪ್ರೆಸ್ಸಿನಿಂದ ಮೋಟಾರ್ ಅಂಗಡಿಗೆ ಬಂದು ಅಲ್ಲಿಂದಲೇ ವಾಪಸ್ ಹೋಗಿದೆ. ನಮ್ಮ ಮನೆಯವರನ್ನು ಎದುರಿಗೆ ಕೂರಿಸಿಕೊಂಡು ಕೇಳಿದೆ.

"ಪ್ರೂಫ್ನಾಗೆ ಏನ್ ನೋಡಿದ್ರಿ ಆವತ್ತು?"

"ತಾರೀಕು ನೋಡ್ದೆ. ಮುಹೂರ್ತ ನೋಡ್ದೆ. ನಮ್ಮಪ್ಪನ ಹೆಸ್ರು ಸರಿಯಾಗ್ ಐತಾ ನೋಡ್ದೆ."

"ನಮ್ಮಣ್ಣನ ಹೆಸ್ರು?"

"ಅಯ್ಯೋ, ಆಯಪ್ಪಂದೇ ಪ್ರೆಸ್ಸು, ಆಯಪ್ಪನ ಹೆಸ್ರು ನಾನ್ ನೋಡ್ಬೇಕಾ?"

ನಾನು ಅಂದುಕೊಂಡದ್ದನ್ನೇ ಅವರೂ ಅಂದರು, ಬೈಯುವುದು ಯಾರನ್ನು? ಆಮೇಲೆ ಅವರೇ ಹೇಳಿದರು, "ತಪ್ಪಾಗೋಯ್ತು ಕಣೆ. ನಾನೂ ಬತ್ತೀನಿ ನಡಿ, ಇಬ್ರೂ ಹೋಗಿ ಕರೆಯೋಣ." ಹೆಂಡತಿ ಇಲ್ಲದವನು ನಿಲ್ಲಬಾರದು ಎಂದು ನಮ್ಮ ಮನೆಯಲ್ಲಿ ಯಾರೂ ಅಂದಿಲ್ಲ. ಅಂದಿದ್ದರೆ ನಾನು ಕೇಳುತ್ತಲೂ ಇರಲಿಲ್ಲ. ಅತ್ತಿಗೆ ಇಲ್ಲ ಎಂದು ನಿನಗೆ ನನ್ನ ಮಕ್ಕಳು ಇಲ್ಲದೆ ಹೋಗುತ್ತಾರೆಯೇ?

ಇನ್ನು ಪದ. ಎನ್, ಆರ್, ಸಿ ಮೂರರಲ್ಲೂ ಇರಲಿಲ್ಲ. ಇವತ್ತು ಬೆಳಿಗ್ಗೆ ಪೂಜೆ ಮುಗಿಸಿ ಎ ತೆಗೆದೆ. ಒಂದೊಂದು ಪದಕ್ಕೂ ಬೆರಳಿಟ್ಟುಕೊಂಡು ಬಂದೆ. ಎಮ್ಮೆಗೆ ಮೇವು ಹಾಕುವ ಹೊತ್ತಿಗೆ ಎ, ವಿ ಬರುವ ಕಡೆ ಬಂದಿದ್ದೆ. ಅಲ್ಲಿ ಕಂಡಿತು. ಅವಂಕ್ಯುಲರ್. ಹುಣಸೆಬೀಜ ಒಂಬತ್ತು ತೆಗೆದುಕೊಂಡು, ಒಂದು ಅಕ್ಷರಕ್ಕೆ ಒಂದು ಇಡುತ್ತಾ ಹೋದೆ. ಒಂಬತ್ತೂ ಮುಗಿದವು. ಆಮೇಲೆ ಅರ್ಥ ಓದಿದೆ. ಸೋದರಮಾವನ, ಸೋದರಮಾವನಿಗೆ ಸಂಬಂಧಿಸಿದ.

ಅಲ್ಲೇ ಗೋಡೆಗೆ ಒರಗಿಕೊಂಡೆ. ಫೆಬ್ರವರಿ ತಿಂಗಳಲ್ಲಿ ನನ್ನ ಕಾಗದ ನೋಡಿ ನೀನು ಉತ್ತರ ಬರೆದೇ ಇದ್ದೆ. ಬಾ ಎಂದು ಕರೆ ಎಂದು ಒಂಬತ್ತು ಅಕ್ಷರ ಒತ್ತಿ ಕಳಿಸಿದ್ದೆ. ನಾನು ಅದನ್ನು ಮುಚ್ಚಿದ ಬಾಗಿಲು ಎಂದುಕೊಂಡು ಕೆಟ್ಟ ಮಾತು ಬರೆದೆ. ಎ ಮೊದಲು ತೆಗೆದಿದ್ದರೆ ಒಂದು ದಿನದ ಕೆಲಸ. ನಾನು ಐದು ವಾರ ಮಾಡಿದೆ.

ಭಾರ್ಗವಿಗೆ ತೋರಿಸಿದರೆ ಅವಳು ಬೆಚ್ಚಲೇ ಇಲ್ಲ.

"ನಂಗೆ ಶಿವರಾತ್ರಿಯಿಂದ ಗೊತ್ತು ಕಣಮ್ಮ. ಹೊರಗ್ ಹೋಗಿ ಫೋನ್ನಾಗೆ ಹಾಕಿ ನೋಡ್ದೆ."

"ಹೇಳ್ಬಾರ್ದಾಗಿತ್ತೇನೆ? ನಾನಿಲ್ಲಿ ಸಾಯ್ತಾ ಇದ್ದೆ!"

"ನೀನೇ ದೇವ್ರ ಮುಂದೆ ಅಂದ್ಯಲ್ಲ. ನಿನ್ನ ವ್ರತ ಕೆಡಿಸಿ ಮದ್ವೆ ಆಗ್ಲಾ ನಾನು?" ಅಂದು ಅವಳು ಅತ್ತಳು. ನಾನೂ ಅತ್ತೆ. ಆಮೇಲೆ ಕಣ್ಣು ಒರೆಸಿಕೊಂಡು, "ಮಾವ ಕೈಹಿಡೀದೆ ನಾನು ಹಸೆಮಣೆ ಕಡೀಕೆ ಒಂದ್ ಹೆಜ್ಜೆ ಇಡಲ್ಲ, ಬರೀ ಅಂಗಂತ" ಅಂದಳು. ಬರೆದಿದ್ದೇನೆ.

ಅಣ್ಣ, ನಾನು ಗೆದ್ದಿದ್ದೇನೆ. ಕಟ್ಟಳೆಯಂತೆ ಒಂದು ಕೇಳಬಹುದು, ನೀನು ಇಲ್ಲ ಅನ್ನುವಂತಿಲ್ಲ. ಈ ಒಂದು ಸಲ ಕೇಳುವುದಿಲ್ಲ. ನಾನು ಗೆದ್ದ ಹಕ್ಕಿಗೆ ಕಟ್ಟುಬಿದ್ದು ನೀನು ಬಂದರೆ, ಬರಲೇಬೇಕಾಗಿದ್ದಕ್ಕೆ ಬಂದ ಎಂದಾಗುತ್ತದೆ. ಸೋದರಮಾವನನ್ನು ಕರೆಯುವ ಬಗೆ ನಮ್ಮ ಅಮ್ಮ ನನಗೆ ತೋರಿಸಿಕೊಟ್ಟಿದ್ದಾಳೆ. ತಟ್ಟೆಯಲ್ಲಿ ಕುಂಕುಮ, ಅಕ್ಷತೆ, ಎಲೆ ಅಡಿಕೆ, ಪಂಚೆ ಇಟ್ಟುಕೊಂಡು ಬಾಗಿಲಿಗೆ ಬಂದು ಕರೆಯುವುದು. ಗುರುವಾರ ಬೆಳಗಿನ ಬಸ್ಸಿಗೆ ನಾವಿಬ್ಬರೂ ಹೊರಡುತ್ತೇವೆ. ಆಟದಲ್ಲಿ ನಾನು ಸೋತೆ ಎಂದು ಬರೆದುಕೋ, ನನಗೆ ಬೇಸರವಿಲ್ಲ.

ಈ ಕಾಗದದ ಜೊತೆ ಭಾರ್ಗವಿಯ ಲಗ್ನಪತ್ರಿಕೆಯ ಕಾಪಿ ಇಟ್ಟಿದ್ದೇನೆ. ಯಾರ ಕೈಯಿಂದಲೂ ಬರೆಸಿಲ್ಲ, ನಾನೇ ಬರೆದಿದ್ದೇನೆ. ಬಂಧುಗಳಲ್ಲಿ ಮೊದಲ ಹೆಸರು ನಿನ್ನದು: ವಧುವಿನ ಸೋದರಮಾವ ಶ್ರೀ ಓಬುಳಪತಿ, ಹಿಂದೂಪುರ. ಅಕ್ಷರ ವಕ್ರವಾಗಿದೆ, ಓದಬಹುದು. ಚೆನ್ನಕೇಶವನ ಪ್ರೆಸ್ಸಿನಲ್ಲೇ ಆಗಲಿ, ಕಂಪ್ಯೂಟರಿನಲ್ಲೇ ಆಗಲಿ. ಪ್ರೂಫ್ ಮಾತ್ರ ಈ ಸಲ ನನ್ನ ಕಣ್ಣಿಗೆ ಬೀಳಬೇಕು. ಗುರುವಾರ ಬಂದಾಗ ನಿನ್ನ ಪಕ್ಕದಲ್ಲೇ ಕೂತು ನೋಡುತ್ತೇನೆ.

ಅಂಚೆಗೆ ಹಾಕಿದರೆ ಗುರುವಾರದೊಳಗೆ ನಿನ್ನ ಉತ್ತರ ನನ್ನ ಕೈಗೆ ಮುಟ್ಟುವುದಿಲ್ಲ. ನಮ್ಮ ಬೀದಿಯ ತಿಪ್ಪೇಶ್ ನಾಳೆ ಹುಣಸೆಹಣ್ಣು ತುಂಬಿಕೊಂಡು ನಿಮ್ಮ ಮಂಡಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾವು ಬರಬಹುದು ಎಂದು ನಿನ್ನ ಕೈಯಿಂದ ಒಂದು ಸಾಲು ಬೇಕು. ಅದು ಬರುವವರೆಗೆ ನಾನು ತಟ್ಟೆಗೆ ಕುಂಕುಮ ಹಾಕುವುದಿಲ್ಲ.

ಬನಶಂಕರಿ


(ಲಕೋಟೆಯ ಜೊತೆ ಮಡಿಸಿದ ಚೀಟಿ)

ತಿಪ್ಪೇಶಪ್ಪ,

ಮಂಡಿಯಲ್ಲಿ ಮೂಟೆ ಇಳಿಸಿದ ಮೇಲೆ ಊಟಕ್ಕೆ ಮೊದಲು ಈ ಲಕೋಟೆಯನ್ನು ಪ್ರೆಸ್ಸಿನಲ್ಲಿ ನಮ್ಮ ಅಣ್ಣನ ಕೈಗೇ ಕೊಡಪ್ಪ. ಬೇರೆಯವರ ಕೈಗೆ ಬೇಡ. ಕೊಟ್ಟು ಎದ್ದು ಬರಬೇಡ, ಅವನು ಓದುವುದು ನಿಧಾನ, ಎದುರಿಗೆ ಒಂದು ಸ್ಟೂಲ್ ಹಾಕಿಕೊಂಡು ಕೂತುಕೋ. ಕಿವಿ ಕೇಳಿಸುವುದಿಲ್ಲ ಎಂದರೆ ನಂಬು. ಬರೆಯಲು ಪುರುಸೊತ್ತಿಲ್ಲ, ನೀನು ಹೋಗು, ಆಮೇಲೆ ಕಳಿಸುತ್ತೇನೆ ಎಂದರೆ ನಂಬಬೇಡ. ನಿನ್ನದೇ ಪೆನ್ನು ಕೊಡು. ಎಷ್ಟು ಹೊತ್ತಾದರೂ ಆಗಲಿ, ನನಗೆ ಅವನ ಉತ್ತರ ಇಸ್ಕೊಂಡು ಬಾರಪ್ಪ.